ಮಾತ್ರೆ ಬಿಟ್ಟರೂ ಪಾಳಿ ಬಿಡದು

ಬೆಳಕು ಹರಿಯುವ ಹೊತ್ತು. ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರ ಗಡಗಡಿಸಿ ನಿಲ್ಲುತ್ತದೆ. ಆಕೆ ಬಾಗಿಲು ಎಳೆದು, ಹಬೆಯಾಡುವ ಬಟ್ಟೆಯನ್ನು ತಳ್ಳುಗಾಡಿಗೆ ತುಂಬುತ್ತಾಳೆ. ಹಾಸಿಗೆಯ ಹೊದಿಕೆ ಒಂದು ಕಡೆ, ಹಸುಗೂಸು ಸುತ್ತುವ ಬಿಳಿ ಬಟ್ಟೆ ಇನ್ನೊಂದು ಕಡೆ. ಕೂಸಿನ ಬಟ್ಟೆ ಒಣಗಿದ ಮೇಲೆ ಕೆನ್ನೆಗೆ ಒತ್ತಿ ನೋಡುತ್ತಾಳೆ. ಒರಟಾಗಿದ್ದರೆ ಮತ್ತೆ ನೀರಿಗೆ. ಮೇಲಿನ ವಾರ್ಡಿನಲ್ಲಿ ಹುಟ್ಟುವ ಪ್ರತಿ ಕೂಸೂ ಮೊದಲು ಹೊದೆಯುವುದು ಈಕೆ ಒಗೆದ ಬಟ್ಟೆಯನ್ನೇ. ಆ ತಾಯಂದಿರಿಗೆ ಈಕೆಯ ಮುಖದ ಪರಿಚಯವೂ ಇಲ್ಲ.

ಜೊತೆಯವರು ಇಟ್ಟ ಹೆಸರು ಬಿಸಿನೀರಕ್ಕ. ಕೆಲಸ ನೋಡಿ ಇಟ್ಟದ್ದಲ್ಲ, ಸಿಟ್ಟು ನೋಡಿ. ಈಗಂತೂ ಅದು ಮೂಗಿನ ತುದಿಯಲ್ಲೇ ಇರುತ್ತದೆ.

ಮದುವೆಯಾದಾಗ ಇದ್ದದ್ದು ಒಂದೇ ಕೋಣೆ. ಒಂದು ನೆಲೆ ಆಗಲಿ ಎಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿ, ಆಕೆ ಗರ್ಭ ತಡೆಯುವ ಮಾತ್ರೆ ತೆಗೆದುಕೊಂಡಳು. ಕಳೆದ ವರ್ಷ ಮನೆ ಸ್ವಲ್ಪ ದೊಡ್ಡದಾಯಿತು, ಮಾತ್ರೆ ನಿಂತಿತು. ಬಸಿರು ಮಾತ್ರ ನಿಲ್ಲಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ, ಕಂಡವರೆಲ್ಲ ವೈದ್ಯರೇ!

"ಅತ್ತೆ ಹೇಳ್ತಾರೆ, ಮಾತ್ರೆ ನುಂಗಿ ನುಂಗಿ ಗರ್ಭ ಒಣಗಿಸ್ಕೊಂಡೆ ಅಂತ. ಪಕ್ಕದ ಮನೆಯವಳು ಗೋಡೆಗೆ ಕಾಲೆತ್ತಿ ಮಲಗು ಅಂತಾಳೆ. ಕಾಲೆತ್ತೋದು ಹಾಳಾಗ್ಲಿ, ಮಲಗೋಕೇ ಪುರುಸೊತ್ತೆಲ್ಲಿದೆ?"

ಬಾಯಿ ಜೋರು, ಎದೆಯಲ್ಲಿ ಮಾತ್ರ ದಿಗಿಲು. ಅತ್ತೆಯ ಮಾತು ನಿಜವಾಗಿಬಿಟ್ಟರೆ? ತಡೆಯಲಾರದೆ ಒಂದು ಬೆಳಿಗ್ಗೆ ಮೇಲಿನ ಡಾಕ್ಟರಮ್ಮನ ಬಳಿ ಹೋದಳು. ಗಂಡನೂ ಪರೀಕ್ಷೆ ಮಾಡಿಸಿಕೊಂಡ.

"ಮಾತ್ರೆಯಿಂದ ಏನೂ ಕೆಟ್ಟಿಲ್ಲ ಕಣಮ್ಮ. ಇಬ್ಬರದೂ ಸರಿಯಾಗಿದೆ," ಎಂದರು ಡಾಕ್ಟರಮ್ಮ. "ಅಂದ ಹಾಗೆ, ಇಬ್ಬರೂ ಜೊತೆಗೇ ಇರ್ತೀರಿ ತಾನೆ?"

ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಬಸ್ ಓಡಿಸುತ್ತಾನೆ, ಬೆಳಗಿನ ಮೊದಲ ಬಸ್ಸಿನಿಂದ ಸಂಜೆಯವರೆಗೆ. ಅವನು ಮನೆಗೆ ಬರುವ ಹೊತ್ತಿಗೆ ಈಕೆ ರಾತ್ರಿ ಪಾಳಿಗೆ ಚಪ್ಪಲಿ ಮೆಟ್ಟಿರುತ್ತಾಳೆ. ಅವನ ರಜೆ ಭಾನುವಾರ, ಆ ಹಗಲು ಈಕೆ ಪಾಳಿಯ ದಣಿವಿಗೆ ಕಣ್ಣೇ ಬಿಡುವುದಿಲ್ಲ. ಈಕೆಯದು ಬುಧವಾರ. ಈಕೆ ಮನೆಯಲ್ಲಿರುವ ಆ ಒಂದು ರಾತ್ರಿಯೂ ಅವನು ಅನ್ನದ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ದಂಪತಿ ದಿನಾ ಭೇಟಿಯಾಗುವುದು ಆ ಮೊದಲ ಬಸ್ಸಿನಲ್ಲಿ. ಪಾಳಿ ಮುಗಿಸಿ ಮನೆಗೆ ಹೊರಟ ಈಕೆ ಅವನ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಎದುರಿಗೇ ಬರೆದಿದೆ: ಚಾಲಕನೊಡನೆ ಮಾತನಾಡಬೇಡಿ.

ಹಗಲು ಪಾಳಿ ಕೇಳಲು ಮೇಲ್ವಿಚಾರಕನ ಬಳಿ ಹೋದರೆ, ಆ ಪುಣ್ಯಾತ್ಮ ಬಹಳ ಅಕ್ಕರೆಯಿಂದಲೇ ಹೇಳಿದನಂತೆ: "ಕೊಡೋಣಮ್ಮ, ಅದಕ್ಕೇನು! ಆದ್ರೆ ಬಸುರಿಯರಿಗೆ ಮಾತ್ರ ಹಗಲು ಪಾಳಿ. ಮೊದಲು ಸಿಹಿ ಸುದ್ದಿ ತಗೊಂಡು ಬಾ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂದರೆ ಇದೇ ಅಲ್ಲವೇ?

"ಮಗು ಆದ್ರೆ ಪಾಳಿ ಕೊಡ್ತಾರಂತೆ. ಪಾಳಿ ಕೊಟ್ರೆ ತಾನೆ ಮಗು ಆಗೋದು! ಮಗೂನೇನು ಬಸ್ಸಲ್ಲಿ ಟಿಕೆಟ್ ಹರಿದು ಕೊಟ್ಟ ಹಾಗೆ ಕೊಡ್ತಾರಾ?" ಕೈಯಲ್ಲಿದ್ದ ಹೊದಿಕೆಯನ್ನು ಪಟ್ ಎಂದು ಒದರುತ್ತಾಳೆ.

ಹಾಗಾದರೆ ಏನು ಬೇಕು ಎಂದು ಕೇಳಿದರೆ ದನಿ ತಗ್ಗುತ್ತದೆ. "ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿದ್ರೆ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಮಡಿಸಿದ ಬಿಳಿ ಬಟ್ಟೆಗಳ ಮೇಲೆ ಕೈಯಾಡಿಸಿ, ಗಾಡಿಯನ್ನು ಲಿಫ್ಟಿನತ್ತ ತಳ್ಳುತ್ತಾಳೆ.

"ನನ್ನ ಕೂಸಿನ ಬಟ್ಟೆ ಮಾತ್ರ ನಾನೇ ಒಗೀತೀನಿ. ಬೇರೆ ಯಾರೇ ಒಗೆದ್ರೂ ಒರಟು."