ನೀರು ತಾಗಿದ ಹಿಟ್ಟು

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು ನಮ್ಮದು. ಕಾಲುವೆಗೆ ನೀರು ಬಂದಮೇಲೆ ಸುತ್ತಲೂ ಕಬ್ಬೇ ಕಬ್ಬು. ಜೋಳ ಬೆಳೆಯುವುದನ್ನು ಜನ ಮರೆತೇಬಿಟ್ಟರು, ಉಣ್ಣುವುದನ್ನು ಮಾತ್ರ ಮರೆಯಲಿಲ್ಲ. ಕಬ್ಬಿನ ಸಾಲಿನಲ್ಲಿ ಕೂತು ಕಸ ತೆಗೆಯುವುದು ನಮ್ಮ ಓಣಿಯ ಹೆಂಗಸರ ಕೆಲಸವಾಗಿತ್ತು. ಮಗಳಾದ ನನ್ನನ್ನು ಅವ್ವ ಓದಿಸಿದ್ದೇ ಆ ಕೂಲಿಯಲ್ಲಿ. ಆಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬನೇ ಆಳು ಬಂದು, ಓಣಿಯ ಹೆಂಗಸರೆಲ್ಲ ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಔಷಧಿ ಹೊಡೆದು ಒಂದೇ ಮುಂಜಾನೆಯಲ್ಲಿ ಮುಗಿಸತೊಡಗಿದ. ನಿನಗೆ ಇನ್ನು ಕೆಲಸವಿಲ್ಲ ಎಂದು ಅವ್ವನಿಗೆ ಯಾರೂ ಹೇಳಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ.

ಆ ಹೊತ್ತಿಗೇ ಹೆಂಗಸರ ಗುಂಪು ಕಟ್ಟಿಸುವ ಸರ್ಕಾರಿ ಯೋಜನೆಯ ತರಬೇತಿಯವರು ಬಂದರು. ಊರಿನ ಹಣ ಊರಲ್ಲೇ ತಿರುಗಬೇಕು, ಊರಿನ ಕೈಗೆ ಊರಲ್ಲೇ ಕೆಲಸ ಸಿಗಬೇಕು ಎಂದು ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಬಾಣ, ವೃತ್ತ ಎಲ್ಲ ಬರೆದರು. ನಾನು ಆಗಷ್ಟೇ ಹುಕ್ಕೇರಿ ಕಡೆಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡಲು ಸೇರಿದ್ದೆ. ಅವರು ಬರೆದದ್ದನ್ನೇ ನಾನೂ ಕರಿಹಲಗೆಯ ಮೇಲೆ ಬರೆಯುತ್ತಿದ್ದೆನಾದ್ದರಿಂದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಡಕ ರೊಟ್ಟಿ ಮಾಡಿ ಗೋಕಾಕದ ಅಂಗಡಿ, ಖಾನಾವಳಿಗಳಿಗೆ ಮಾರುವುದು ಎಂದಾಯಿತು. ಗುಂಪಿನಲ್ಲಿ ಎಲ್ಲ ಓಣಿಯವರೂ ಇರಬೇಕೆಂಬುದು ಯೋಜನೆಯ ನಿಯಮ. ಹಾಗಾಗಿ ಬೌದ್ಧರ ಓಣಿಯಿಂದ, ಅಂದರೆ ದಲಿತರಾದ ನಮ್ಮ ಓಣಿಯಿಂದ, ಅವ್ವನೂ ಇನ್ನಿಬ್ಬರೂ ಸೇರಿದರು. ಅಧ್ಯಕ್ಷರಾದವರು ಊರ ದೊಡ್ಡ ಹೊಲದ ಮನೆಯ ಹೆಂಗಸು. ಅವರದೇ ಜಾಗದಲ್ಲಿ ತಗಡಿನ ಶೆಡ್ಡು ಎದ್ದಿತು.

ಶೆಡ್ಡಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ಅವ್ವ ಮತ್ತು ನಮ್ಮ ಓಣಿಯ ಇಬ್ಬರು ಬಾಗಿಲ ಹೊರಗೆ ಮೊರ ಹಿಡಿದು ಜೋಳ ಹಸನು ಮಾಡಿದರು, ಗಿರಣಿಗೆ ಹೊತ್ತರು, ಹಿಟ್ಟು ತಂದಿಟ್ಟರು. ಅಲ್ಲಿಂದ ಮುಂದೆ ಒಳಗಿನವರ ಕೆಲಸ. ಬೆಂದು ಒಣಗಿದ ರೊಟ್ಟಿಯನ್ನು ಪ್ಲಾಸ್ಟಿಕ್ಕಿಗೆ ತುಂಬಿದಮೇಲೆ ಮತ್ತೆ ಇವರನ್ನೇ ಕರೆದು ಟಂಟಂ ಆಟೋಗೆ ಹೇರಿಸುತ್ತಿದ್ದರು. ನಾನು ಭಾನುವಾರ ಭಾನುವಾರ ಊರಿಗೆ ಬಂದಾಗ ಇದನ್ನು ನೋಡಿ ಲೆಕ್ಕ ಹಾಕಿದ್ದು ಹೀಗೆ: ಕಾಳು ಕಾಳಾಗಿರುವ ತನಕ ಯಾವ ಕೈಯಾದರೂ ನಡೆಯುತ್ತದೆ. ಹಿಟ್ಟಾದರೂ ನಡೆಯುತ್ತದೆ. ಎಸರು ಬಿದ್ದು ಹಿಟ್ಟು ಒದ್ದೆಯಾಯಿತೋ, ಆಗ ಕೈಗೆ ಜಾತಿ ಬರುತ್ತದೆ. ರೊಟ್ಟಿ ಪ್ಲಾಸ್ಟಿಕ್ಕಿನೊಳಗೆ ಹೋಯಿತೋ, ಕೈಯ ಜಾತಿ ಮತ್ತೆ ಹೋಗುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ನನ್ನ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಅವ್ವನಿಗೆ ಬೇಕಾಗಿದ್ದದ್ದು ಹಂಚಿನ ಮುಂದಿನ ಜಾಗ. ಹಂಚಿನ ಮುಂದೆ ಕೂತವರಿಗೆ ದಿನಾ ಕೆಲಸ, ಹಸನು ಮಾಡುವವರಿಗೆ ಚೀಲ ಬಂದ ದಿನ ಮಾತ್ರ. ಆದರೆ ಬರೀ ಕೂಲಿಯ ಮಾತಲ್ಲ ಅದು. ಅವ್ವನ ರೊಟ್ಟಿ ತೆಳ್ಳಗೆ, ದುಂಡಗೆ, ಅಂಚು ಒಡೆಯದೆ ಬರುತ್ತಿತ್ತು, ಅದನ್ನು ಅವಳು ಚೆನ್ನಾಗಿ ಬಲ್ಲಳು. ಒಳಗಿನಿಂದ ಬಡಿಯುವ ಸದ್ದು ಕೇಳಿದರೆ ಸಾಕು, ಮೊರ ಕೇರುತ್ತಲೇ "ಇಕಿ ಹಿಟ್ಟ ನಾದೇ ಇಲ್ಲ ನೋಡ" ಎಂದು ನನ್ನ ಕಡೆ ಕಣ್ಣು ಹೊಡೆಯುತ್ತಿದ್ದಳು.

ಒಂದು ದಿನ ರೊಟ್ಟಿ ಮಾಡುವ ಯಂತ್ರ ಬಂತು. ಹಿಟ್ಟು, ನೀರು ಹಾಕಿದರೆ ತಾನೇ ನಾದಿ, ಒತ್ತಿ, ಬೇಯಿಸಿ ಹೊರಗೆ ಹಾಕುತ್ತಿತ್ತು. ಒಳಗಿನವರಿಗೆ ಅದರ ಸದ್ದೆಂದರೆ ಹೆದರಿಕೆ. ಅವ್ವ ಹೋಗಿ ಗುಂಡಿ ಒತ್ತಿದಳು. ಯಾರೂ ಬೇಡವೆನ್ನಲಿಲ್ಲ. "ಕೈ ಎಲ್ಲಿ ಹತ್ತತೈತ್ರಿ, ಮಷೀನ್ ಮಾಡತೈತಲ್ಲ" ಎಂದು ಅಧ್ಯಕ್ಷರೇ ಉಳಿದವರನ್ನು ಒಪ್ಪಿಸಿದರು. ಒಂದು ಸುಗ್ಗಿಯಿಂದ ಇನ್ನೊಂದು ಮಳೆಗಾಲದ ತನಕ ಅವ್ವ ಶೆಡ್ಡಿನ ಒಳಗಿದ್ದಳು. ಮನೆಗೆ ಬಂದರೆ ಸೀರೆಯಿಂದ ಬೆಂದ ಜೋಳದ ವಾಸನೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಕಾಲೇಜಿನಲ್ಲಿ ಆ ವರ್ಷ ಉದಾಹರಣೆ ಕೊಡುವಾಗಲೆಲ್ಲ ನಮ್ಮೂರಿನ ಶೆಡ್ಡನ್ನೇ ಕೊಡುತ್ತಿದ್ದೆ.

ಆಮೇಲೆ ಗೋಕಾಕದ ಅಂಗಡಿಗಳವರು ಮಾಲು ವಾಪಸ್ ಕಳಿಸಲು ಶುರುಮಾಡಿದರು. ಹಪ್ಪಳ ಆಗೇತ್ರಿ ಇದು, ಕೈಲೆ ಬಡಿದಿದ್ದು ತರ್ರಿ, ಮಂದಿ ಅದನ್ನ ಕೇಳತಾರ ಎಂದರು. ತರಬೇತಿಯವರು ಮತ್ತೆ ಬಂದರು. ಕಾಲ ಬದಲಾಗಿದೆ, ಪ್ಯಾಟಿ ಜನಕ್ಕೆ ಮನೆಯ ರುಚಿ ಬೇಕಾಗಿದೆ, ನಿಮ್ಮ ಕೈಯೇ ನಿಮ್ಮ ಬಂಡವಾಳ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಕೈಯ ಮಾತು ಬಂದಿದ್ದರಿಂದ ತನ್ನ ಸರದಿ ಬಂತೆಂದೇ ತಿಳಿದಿದ್ದಳು ಪಾಪ.

ಮರುವಾರ ಯಂತ್ರದ ಮೇಲೆ ಗೋಣಿತಾಟು ಬಿತ್ತು. ಹೊಸ ಒಲೆಗಳನ್ನು ಹೂಡಿದರು. ಅವುಗಳ ಮುಂದೆ ಅಧ್ಯಕ್ಷರ ನೆಂಟರು ಬಂದು ಕೂತರು. ಹಸನು ಮಾಡಿದ ಜೋಳವೇ ಪೇಟೆಯಲ್ಲಿ ಸಿಗುತ್ತಿದ್ದರಿಂದ ಮೊರದ ಕೆಲಸವೂ ಉಳಿಯಲಿಲ್ಲ. ಹೆಸರು ಗುಂಪಿನಲ್ಲಿ, ಅವ್ವ ಮನೆಯಲ್ಲಿ.

ಒಂದು ಭಾನುವಾರ ಸಂಜೆ ಅಧ್ಯಕ್ಷರು ನಮ್ಮ ಓಣಿಗೆ ಬಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅಂಗಳದಲ್ಲಿ ಹಾಕಿದ ಕುರ್ಚಿಯ ಮೇಲೆ ಕೂತರು. ಚಹಾ ಮಾಡುತ್ತೇನೆಂದು ಅವ್ವ ಎದ್ದರೆ, "ಬ್ಯಾಡವಾ, ಈಗರ ಕುಡದ ಬಂದೇನಿ" ಎಂದರು. ನಮ್ಮ ಮನೆಗೆ ಬರುವವರೆಲ್ಲ ಈಗಷ್ಟೇ ಕುಡಿದೇ ಬಂದಿರುತ್ತಾರೆ.

"ನೋಡ ತಂಗಿ, ಮಷೀನ್ ಸುಮ್ನ ಕುಂತೈತಿ. ನಿಮ್ಮ ಓಣಿಗೆ ತಗೊಂಡ ಹೋಗ್ರಿ. ಬ್ಯಾರೆ ಹೆಸರು ಹಾಕ್ಕೊಂಡು ನೀವ ಮಾರ್ರಿ. ನಾನ ಎಲ್ಲಾರನೂ ಒಪ್ಪಸತೇನಿ."

"ಅಂಗಡ್ಯಾವ್ರ ಒಲ್ಲೆ ಅಂದ ರೊಟ್ಟಿ ಯಾರ ತಗೋತಾರ್ರಿ ಅಕ್ಕಾರ?" ಎಂದಳು ಅವ್ವ.

"ನಿಮ್ಮ ಮಂದಿ ತಗೋತಾರಲ್ಲ."

ಅವ್ವ ನಕ್ಕಳು. "ನಮ್ಮ ಮಂದಿ ಯಾವಾಗ ರೊಟ್ಟಿ ಕೊಂಡ ತಿಂದಾರ್ರಿ? ನನಗ ಮಷೀನ್ ಬ್ಯಾಡ. ಹಂಚಿನ ಮುಂದ ಕುಂದ್ರಾಕ ಒಂದ ಮಣಿ ಹಾಕ್ರಿ, ಸಾಕು."

ಅಧ್ಯಕ್ಷರು ಸೆರಗು ಸರಿಮಾಡಿಕೊಂಡು ಎದ್ದರು. "ನಂದೇನಿಲ್ಲವಾ. ಉಳದವ್ರು ಎದ್ದ ಹೋಗತಾರ" ಎಂದರು.

ಅವರು ಹೋದಮೇಲೆ ಅವ್ವ ನನ್ನನ್ನು ಕೇಳಿದಳು: "ನಾಳೆ ಖಾನಾವಳಿ ಆರ್ಡರ್ ಐತಿ. ಆರ್ಡರ್ ಇದ್ದ ದಿನ ಯಾರರ ಎದ್ದ ಹೋಗತಾರನು?" ಏಳುವುದಿಲ್ಲ ಎಂದು ನನಗೂ ಅನಿಸಿತು. ಕೊಳ್ಳುವವನು ಮಾಲು ನೋಡುತ್ತಾನೆ, ಮಾಡುವವನು ಲಾಭ ನೋಡುತ್ತಾನೆ ಎಂದೇ ಅಲ್ಲವೇ ನಾನು ಪಾಠ ಮಾಡುವುದು? ಹಾಗೆಂದೇ ಹೇಳಿದೆ. ಮರುದಿನ ಕಾಲೇಜಿಗೆ ರಜೆ ಹಾಕಿ ಅವಳ ಜೊತೆ ಹೊರಟೆ.

ಅವ್ವ ತಲೆಗೆ ನೀರು ಹಾಕಿಕೊಂಡು, ಮಡಚಿಟ್ಟಿದ್ದ ಸೀರೆ ಉಟ್ಟಿದ್ದಳು. ಶೆಡ್ಡಿನೊಳಗೆ ನೇರ ಹೋಗಿ, ಖಾಲಿ ಇದ್ದ ಒಂದು ಹಂಚಿನ ಮುಂದೆ ನೆಲದ ಮೇಲೇ ಕೂತಳು. ಪರಾತಕ್ಕೆ ಹಿಟ್ಟು ಸುರಿದು, ಕುದಿಯುವ ಎಸರು ಹಾಕಿ ನಾದತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಪಕ್ಕದ ಒಲೆಯವಳು ಫೋನ್ ಬಂತೆಂದು ಎದ್ದಳು. ಇನ್ನೊಬ್ಬಳಿಗೆ ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟದ್ದು ನೆನಪಾಯಿತು. ಮತ್ತೊಬ್ಬಳು ನೆಪವನ್ನೂ ಹುಡುಕಲಿಲ್ಲ. ಸ್ವಲ್ಪ ಹೊತ್ತಿಗೆ ಅಷ್ಟೂ ಒಲೆಗಳು ಉರಿಯುತ್ತಿದ್ದವು, ಮುಂದೆ ಯಾರೂ ಇರಲಿಲ್ಲ.

ಅವ್ವ ತಲೆಯೆತ್ತಿ ನೋಡಲಿಲ್ಲ. ಬಡಿದಳು, ಬೇಯಿಸಿದಳು, ಒಂದರ ಮೇಲೊಂದು ಒಟ್ಟಿದಳು. ಬಾ ಹೋಗೋಣ ಎಂದು ಎರಡು ಸಲ ಕರೆದೆ, ಕೇಳಿಸದವಳಂತೆ ಇದ್ದಳು. ಡಬ್ಬಿಯ ಹಿಟ್ಟು ತೀರುವ ತನಕ ಮಾಡಿದಳು. ಅಂಥ ರೊಟ್ಟಿ ಆ ಶೆಡ್ಡಿನಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ, ಮಗಳೆಂದು ಹೇಳುವುದಲ್ಲ. ಖಾನಾವಳಿಯ ಟಂಟಂ ಬಂದು ನಿಂತಾಗ ಅಧ್ಯಕ್ಷರು ಹೊರಗೆ ಹೋಗಿ, "ಇವತ್ತ ಆಗಿಲ್ರಿ" ಎಂದರು. ಟಂಟಂ ತಿರುಗಿ ಹೋಯಿತು. ಲಾಭವೆಂಬುದು ನಮ್ಮೂರಲ್ಲಿ ಎಷ್ಟರ ಮಟ್ಟಿಗೆ ದೊಡ್ಡದು ಎಂಬುದು ನನಗೆ ಆಗ ಗೊತ್ತಾಯಿತು.

ಅವ್ವ ಪರಾತ ತೊಳೆದು ಬೋರಲು ಹಾಕಿ ಹೊರಗೆ ಬಂದಳು. ಅಷ್ಟರಲ್ಲಿ ಅಧ್ಯಕ್ಷರ ಸೊಸೆ ಬುಟ್ಟಿ ತಂದು, ಕಟ್ಟಿಗೆಯಿಂದ ರೊಟ್ಟಿಗಳನ್ನು ಅದರೊಳಗೆ ದೂಡಿ, ಹಿತ್ತಲಿನ ಎಮ್ಮೆಗಳ ಗೋದಲಿಗೆ ಸುರಿದಳು. ಸಂಜೆ ಈ ಎಮ್ಮೆಗಳ ಹಾಲನ್ನು ಊರೆಲ್ಲ ಕುಡಿಯುತ್ತದಲ್ಲ, ಆಗ ಏನು ಮಾಡುತ್ತೀರಿ ಎಂದು ಕೂಗಲು ಬಾಯಿ ತೆರೆದೆ. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಗೋದಲಿಯ ಕಡೆಗೇ ನೋಡುತ್ತ ನಿಂತಳು. ಎಮ್ಮೆಗಳು ತಿಂದು ಮುಗಿಸಿ ತಲೆಯೆತ್ತುವ ತನಕ ಅಲ್ಲಿಂದ ಕದಲಲಿಲ್ಲ.

"ಚಲೋ ಆಗಿದ್ವು ಅಂತ ಕಾಣಸತೈತಿ" ಎಂದಳು. "ಒಂದ ತುಣಕೂ ಬಿಡಲಿಲ್ಲ ನೋಡ."