ಮುಂಡರಗಿಯ ಬೆಳಗಿನ ಗದ್ದಲ

ಗದಗಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಗೋಡೆಯ ಮೇಲಿನ ಗುಂಡಿ ಒತ್ತಿದರೆ ದೀಪ, ಪರದೆ, ಹಾಡು ಎಲ್ಲವೂ ಮಾತು ಕೇಳುವಂತೆ ಮಾಡಿಕೊಡುವುದು ನಮ್ಮ ಉದ್ಯೋಗ. ನಮ್ಮದು ಅಂದರೆ ನನ್ನದು ಮತ್ತು ಲಕ್ಷ್ಮೇಶ್ವರದ ಚಾಚಾ ಅವರದು. ವೈರು ಎಳೆಯುವುದು, ಗೋಡೆ ಕೊರೆಯುವುದು, ಸಿಟ್ಟಾದ ಗಿರಾಕಿಗಳನ್ನು ತಣ್ಣಗೆ ಮಾಡುವುದು ಅವರ ಪಾಲು. ಲ್ಯಾಪ್‌ಟಾಪ್ ಮುಂದೆ ಕೂತು ಯಂತ್ರಗಳಿಗೆ ಕಮಾಂಡ್ ಬರೆಯುವುದು ನನ್ನ ಪಾಲು. "ಅಕ್ಕಾರ ಮಾತ ಮನ್ಯಾಗ ಯಾರೂ ಕೇಳೂದಿಲ್ರಿ, ಅದಕ್ಕ ಇಲ್ಲಿ ಬಂದು ಪೆಟಿಗಿಗೋಳಿಗೆ ಹುಕುಂ ಮಾಡ್ತಾರ" ಎಂದು ಚಾಚಾ ಅಂಗಡಿಗೆ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾರೆ. ನನಗೆ ಹದಿಹರೆಯದ ಮಗಳಿರುವುದರಿಂದ ಇದನ್ನು ನಾನು ಇದುವರೆಗೆ ಅಲ್ಲಗಳೆದಿಲ್ಲ.

ಮುಂಡರಗಿಯಲ್ಲಿ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸಿ ನಮ್ಮಿಂದ ಈ ವ್ಯವಸ್ಥೆ ಮಾಡಿಸಿಕೊಂಡಿದ್ದರು. ಅವರ ಹೆಂಡತಿ, ಊರಿನವರಿಗೆಲ್ಲ ಇದ್ದಂತೆ ನಮಗೂ ಅವ್ವಾರು, ಒಂದೇ ಒಂದು ಆಸೆ ಹೇಳಿದ್ದರು. ಬೆಳಗಾಗುತ್ತಲೇ ಮನೆಯಲ್ಲಿ ವಚನ ಗಾಯನ ಮೆಲ್ಲಗೆ ತಾನಾಗಿ ಶುರುವಾಗಬೇಕು. ನಾವು ಹಾಗೇ ಮಾಡಿಕೊಟ್ಟೆವು. ಗೋಡೆಯೊಳಗಿನ ಕಂಟ್ರೋಲರ್ ಪೆಟ್ಟಿಗೆಯಿಂದ ಪಡಸಾಲೆಯಲ್ಲಿ ಸ್ಪೀಕರಿನ ದನಿ ಏರಿಸಿ ಇಳಿಸುವ ಆಂಪ್ಲಿಫೈಯರ್‌ಗೆ ಒಂದು ಸೀರಿಯಲ್ ಕೇಬಲ್, ಅಂದರೆ ಎರಡು ಪೆಟ್ಟಿಗೆಗಳು ಮಾತಾಡಿಕೊಳ್ಳುವ ವೈರು. ಬೆಳಿಗ್ಗೆ ಆ ಕೇಬಲ್ಲಿನಲ್ಲಿ ಎರಡು ಕಮಾಂಡ್ ಹೋಗುತ್ತವೆ: ಒಂದು "ಏಳು", ಇನ್ನೊಂದು "ದನಿ ಇಷ್ಟಕ್ಕೆ ಇಡು". ಆಮೇಲೆ ಹಾಡು.

ವಾರ ಕಳೆಯುವುದರೊಳಗೆ ಅವ್ವಾರ ಫೋನು ಬಂತು.

"ತಂಗಿ, ನೀ ಹಚ್ಚಿಕೊಟ್ಟಿದ್ದು ವಚನ ಅಲ್ಲವಾ, ಅದು ಸಿಡಿಲು! ನಸುಕಿನ್ಯಾಗ ಕಿಡಕಿ ಎಲ್ಲಾ ನಡಗ್ತಾವ. ಬಾಜೂ ಮನಿಯವ್ರು ಬಂದು, ನಮ್ಮ ಎಮ್ಮಿ ಬೆದರಿ ಹಾಲ ಕೊಡವಲ್ದರಿ ಅಂತ ಹೇಳಿ ಹೋದ್ರು."

ನಾವು ಹೋದೆವು. ನಾನು ಗುಂಡಿ ಒತ್ತಿದೆ. ವಚನ ಗುಬ್ಬಿಯಷ್ಟು ಸಣ್ಣ ದನಿಯಲ್ಲಿ ಹಾಡಿತು. ಆರಿಸಿ ಮತ್ತೆ ಒತ್ತಿದೆ. ಮತ್ತೆ ಗುಬ್ಬಿ. ಚಾಚಾ ಗೋಡೆಯ ಮುಚ್ಚಳ ಬಿಚ್ಚಿ, ಇಲಿ ಕಡಿದಿರಬಹುದೆಂದು ಕೇಬಲ್ ಬದಲಿಸಿದರು.

"ಸೀರಿಯಲ್ ವಾಯರ್ ಹೊಸಾದು ಹಾಕೇನ್ರಿ ಅವ್ವಾರ, ಇನ್ನ ಕಾಳಜಿ ಬ್ಯಾಡ" ಎಂದರು.

"ಸೀರಿಯಲ್ ಅಂದಮ್ಯಾಗ ತಿಳೀತು ಬಿಡಪಾ. ಟೀವಿಯೊಳಗಿನವೂ ಹಿಂಗ, ಜಲ್ದಿ ಮುಗಿಯೂದೇ ಇಲ್ಲ" ಎಂದರು ಅವ್ವಾರು.

ಅವರ ಮಾತೇ ಖರೆಯಾಯಿತು. ಮರುದಿನ ನಸುಕಿನಲ್ಲಿ ಮತ್ತೆ ಕಿಟಕಿಗಳು ನಡುಗಿದವು. ಎರಡನೆಯ ಸಲ ಹೋದಾಗ ನಾನು ಎರಡೂ ಪೆಟ್ಟಿಗೆಗಳ ಮಾತಿನ ವೇಗ ಹೊಂದುತ್ತದೆಯೇ ಎಂದು ನೋಡಿದೆ, ಕಮಾಂಡುಗಳ ಒಂದೊಂದು ಅಕ್ಷರ ತಿದ್ದಿ ನೋಡಿದೆ. ಎಲ್ಲ ಸರಿ ಇತ್ತು. ನಮ್ಮ ಕಣ್ಣೆದುರು ಆ ಯಂತ್ರ ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನದ ಹುಡುಗರಂತೆ ಕೈಕಟ್ಟಿ ಕೂರುತ್ತಿತ್ತು.

ಆ ಹೊತ್ತಿಗೆ ಗಂಡ ಹೆಂಡತಿಯ ನಡುವೆ ಬೇರೆಯೇ ರಗಳೆ ಬೆಳೆದಿತ್ತು. ಯಜಮಾನರಿಗೆ ಸಂಜೆ ಅಂಗಡಿಯಿಂದ ಬಂದ ಮೇಲೆ ಅದೇ ಸ್ಪೀಕರಿನಲ್ಲಿ ಹಳೆಯ ರಂಗಗೀತೆ ಕೇಳುವ ಹುಚ್ಚು. ಅದೂ ಓಣಿಗೆಲ್ಲ ಕೇಳುವಷ್ಟು ಜೋರಾಗಿ. ಅವ್ವಾರು ಒಮ್ಮೆ ಗದರಿದ್ದರಂತೆ.

"ಅದರ ಸೇಡು ಇದು, ತಂಗಿ. ನಸುಕಿನ್ಯಾಗ ಎದ್ದು ತಾವ ಏರಿಸ್ತಾರ. ಕೇಳಿದ್ರ ಉತ್ತರಾ ಇಲ್ಲ. ಹತ್ತು ಸಲ ಕರದ್ರೂ ಓ ಅನ್ನೂದಿಲ್ಲ, ಅಷ್ಟು ಠೇಂಕಾರ!"

ಯಜಮಾನರು ಇನ್ನೊಂದು ಮೂಲೆಯಲ್ಲಿ ಚಾಚಾ ಅವರನ್ನು ಹಿಡಿದುಕೊಂಡಿದ್ದರು. "ಆಕಿನ ಏನರ ಒತ್ತಿ ಕೆಡಿಸಿರ್ತಾಳ ನೋಡು. ನನಗೇನೂ ಜೋರ ಅನಸೂದಿಲ್ಲಪಾ. ಬರೋಬ್ಬರಿ ಐತಿ."

ಹಗಲು ಹೋದರೆ ಇದು ಸಿಗುವ ಕಳ್ಳನಲ್ಲ ಎಂದುಕೊಂಡು ಮೂರನೆಯ ಸಲ ನಾವು ಬೆಳಕು ಹರಿಯುವ ಮೊದಲೇ ಗದಗ ಬಿಟ್ಟೆವು. ಡಂಬಳದ ಕೆರೆಯ ಹತ್ತಿರ ಒಂದು ಚಹಾದ ಅಂಗಡಿ ಆಗತಾನೆ ಒಲೆ ಹಚ್ಚುತ್ತಿತ್ತು. ಚಾಚಾ ನಿಲ್ಲಿಸೋಣ ಎಂದರು, ನಾನು ಹೊತ್ತಾಗುತ್ತದೆ ಎಂದೆ. ದಾರಿಯುದ್ದಕ್ಕೂ ಅವರು ಆ ಚಹಾದ ಬಗ್ಗೆಯೇ ಮಾತಾಡಿದರು.

ಅವ್ವಾರು ಬಾಗಿಲು ತೆರೆದರು. ಯಜಮಾನರು ಆಗಲೇ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ನಾನು ಲ್ಯಾಪ್‌ಟಾಪನ್ನು ಕೇಬಲ್ಲಿಗೆ ಸೇರಿಸಿ ಪರದೆಯ ಮೇಲೆ ಎರಡು ಪೆಟ್ಟಿಗೆಗಳ ಮಾತುಕತೆ ನೋಡುತ್ತ ಕೂತೆ. ವಚನದ ಹೊತ್ತಾಯಿತು. ಕಂಟ್ರೋಲರ್ "ಏಳು" ಎಂದಿತು. ಆಂಪ್ಲಿಫೈಯರ್ "ಆಯಿತು" ಎಂದು ಉತ್ತರ ಕೊಟ್ಟಿತು. ಕಂಟ್ರೋಲರ್ ಉಸಿರು ತಗೊಳ್ಳದೆ "ದನಿ ಇಷ್ಟಕ್ಕೆ ಇಡು" ಎಂದಿತು. ಅದಕ್ಕೆ ಉತ್ತರವೇ ಇಲ್ಲ. ಮರುಕ್ಷಣ ವಚನ ಸಿಡಿಯಿತು. ಪಕ್ಕದ ಮನೆಯ ಎಮ್ಮೆ ಒದರಿದ್ದು ನನಗೂ ಕೇಳಿಸಿತು.

ನಾನು ದನಿ ಇಳಿಸಿ, ನಕ್ಕು, ಎಲ್ಲರಿಗೂ ಬಿಡಿಸಿ ಹೇಳಿದೆ. ಹಗಲು ನಾವು ಪರೀಕ್ಷೆ ಮಾಡುವಾಗ ಆ ಯಂತ್ರ ಬೆಳಿಗ್ಗೆಯಷ್ಟೇ ಹಾಡಿ ಅರೆ ಎಚ್ಚರದಲ್ಲಿರುತ್ತಿತ್ತು, ಕರೆದ ಕೂಡಲೇ ಏಳುತ್ತಿತ್ತು. ರಾತ್ರಿಯಿಡೀ ಮಲಗಿದ ಮೇಲೆ ಹಾಗಲ್ಲ, "ಆಯಿತು" ಎಂದರೂ ಪೂರ್ತಿ ಎಚ್ಚರವಾಗಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಬಂದ ಎರಡನೆಯ ಕಮಾಂಡ್ ಅದರ ತಲೆಗೆ ಹೋಗುತ್ತಲೇ ಇರಲಿಲ್ಲ. ಹಿಂದಿನ ಸಂಜೆ ಯಜಮಾನರು ಇಟ್ಟ ದನಿಯಲ್ಲೇ ಹಾಡಿಬಿಡುತ್ತಿತ್ತು.

"ಹಂಗಾದ್ರ ಅದು ಥೇಟ್ ನಮ್ಮ ಅಕ್ಕಾರಂಗ" ಎಂದರು ಚಾಚಾ. "ಚಾ ಕುಡಿಯೂ ತನಕಾ ಏನ್ ಹೇಳಿದ್ರೂ ಹೂಂ ಅಂತಾರ, ಒಂದೂ ನೆನಪಿರೂದಿಲ್ಲ. ಇವತ್ತ ಚಾ ಅವ್ರಿಗೂ ಇಲ್ಲ, ನನಗೂ ಇಲ್ಲ."

ಅವ್ವಾರು ನಗುತ್ತ ಒಳಗೆ ಹೋಗಿ ಚಹಾಕ್ಕಿಟ್ಟರು. ನಾನು ಕಂಟ್ರೋಲರ್‌ಗೆ ಹೊಸದಾಗಿ ಬರೆದೆ: ಎಬ್ಬಿಸಿದ ಮೇಲೆ ಸ್ವಲ್ಪ ಕಾಯಬೇಕು, ಆಮೇಲೆ ದನಿ ಹೇಳಬೇಕು, ದನಿ ಎಷ್ಟಿದೆ ಎಂದು ಕೇಳಿ, ಸರಿಯಾದ ಉತ್ತರ ಬಂದರೆ ಮಾತ್ರ ಹಾಡು. ರಾತ್ರಿಯಿಡೀ ಮಲಗಿದಂತೆಯೇ ಆಗಲೆಂದು ಆಂಪ್ಲಿಫೈಯರ್‌ನ ವಿದ್ಯುತ್ತನ್ನೇ ಪೂರ್ತಿ ತೆಗೆದು, ಮತ್ತೆ ಕೊಟ್ಟು, ಮೊದಲಿನಿಂದ ನಡೆಸಿದೆ. ಈ ಸಲ ವಚನ ಅವ್ವಾರು ಕೇಳಿದ್ದಂತೆ ಮೆಲ್ಲಗೆ, ಯಾರೋ ಪಕ್ಕದ ಕೋಣೆಯಲ್ಲಿ ಕೂತು ಹಾಡಿದಂತೆ ಶುರುವಾಯಿತು. ಅವ್ವಾರು ಕಪ್ಪುಗಳ ತಾಟು ಹಿಡಿದು ಬಾಗಿಲಲ್ಲೇ ನಿಂತು ಕೇಳಿದರು.

ಸ್ಪೀಕರಿನ ಪಕ್ಕದಲ್ಲೇ ಕೂತಿದ್ದ ಯಜಮಾನರು ನನ್ನ ಕಡೆ ತಿರುಗಿದರು. "ಯಾಕ ತಂಗಿ, ಹಾಡು ಇನ್ನೂ ಶುರು ಆಗವಲ್ದೇನು?"

ಹಾಡು ನಡೆದೇ ಇತ್ತು. ಅವ್ವಾರು ತಾಟನ್ನು ಕೆಳಗಿಟ್ಟು ಗಂಡನ ಬೆನ್ನ ಹಿಂದೆ ಬಂದು "ರೀ" ಎಂದರು. ಅವರು ತಿರುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಹತ್ತಿರದಿಂದ, "ರೀ" ಎಂದರು. ಮೂರನೆಯ ಸಲ ಕರೆಯಲಿಲ್ಲ, ಹೆಗಲ ಮೇಲೆ ಕೈ ಇಟ್ಟರು. ಯಜಮಾನರು ಬೆಚ್ಚಿ ನೋಡಿದರು.

"ನಾನು ನಿಮಗ ಎಷ್ಟ ಬೈದ್ನಿ" ಎಂದರು ಅವ್ವಾರು. ಅವರ ಕಣ್ಣು ತುಂಬಿದ್ದವು.

"ಯಾವಾಗ ಬೈದಿ?" ಎಂದು ಕೇಳಿದರು ಯಜಮಾನರು. ನಗಬಾರದೆಂದು ನಾನು ಚಾಚಾ ಮುಖ ನೋಡಲಿಲ್ಲ.

ಕಿವಿ ಮಂದವಾಗಿರಬಹುದು, ಡಾಕ್ಟರರಿಗೆ ತೋರಿಸಿ ಎಂದರೆ ಯಜಮಾನರು ಒಪ್ಪಲಿಲ್ಲ. ತಮ್ಮ ಕಿವಿ ಗಟ್ಟಿ ಇವೆ, ಈಗಿನ ಜನಕ್ಕೇ ಬಾಯಿ ಇಲ್ಲ, ಗಿರಾಕಿಗಳೂ ಗುಣುಗುಣು ಅನ್ನುತ್ತಾರೆ ಎಂದು ಸಿಟ್ಟಾದರು. ಆಗ ಚಾಚಾ ಜೇಬಿನಿಂದ ತಮ್ಮ ಚಾಳೀಸು ತೆಗೆದು ಮೂಗಿಗೆ ಏರಿಸಿಕೊಂಡು ಅವರ ಪಕ್ಕ ಕೂತರು.

"ಸಾವಕಾರ್ರ, ಇದನ್ನ ಹಾಕ್ಕೊಳ್ಳಾಕ ನನಗೂ ನಾಚಿಕಿ ಬರ್ತಿತ್ತು" ಎಂದು ಜೋರಾಗಿ ಹೇಳಿದರು. "ಒಮ್ಮೆ ಕೆಂಪ ವಾಯರಿನ ಜಾಗಾದಾಗ ಬ್ಯಾರೆದ್ದು ಕೂಡಿಸಿ, ಒಬ್ರ ಮನಿ ಫ್ಯೂಜ್ ಎಲ್ಲಾ ಹಾರಿಸಿದ್ನಿ. ಅವತ್ತಿಂದ ನಾಚಿಕಿ ಹೋತು. ಕಿವ್ಯಾಗ ಮಶೀನ್ ಹಾಕೂದು ಏನ್ ದೊಡ್ಡದಲ್ರಿ. ಅದೂ ಒಂದು ಆಂಪ್ಲಿಫೈಯರ್, ಸಣ್ಣದು."

"ಅದಕ್ಕೂ ವಾಯರ್ ಎಳಿಬೇಕೇನು?" ಎಂದರು ಯಜಮಾನರು, ಅನುಮಾನದಿಂದ.

"ಇಲ್ರಿ. ಆದ್ರ ಗ್ವಾಡಿ ಮ್ಯಾಲೆ ಗುಂಡಿ ಬೇಕಂದ್ರ ಕೂಡಿಸಿಕೊಡ್ತೇವಿ. ಅವ್ವಾರ ಬೈಯಾಕ ಶುರು ಮಾಡಿದ ಕೂಡ್ಲೆ ಆಫ್ ಮಾಡಬಹುದು."

ಯಜಮಾನರಿಗೆ ಈ ಮಾತು ಪೂರ್ತಿ ಕೇಳಿಸಿತು. ನಕ್ಕರು. ಚಹಾ ಆರಿಹೋಗಿತ್ತು, ಅವ್ವಾರು ಮತ್ತೆ ಬಿಸಿ ಮಾಡಿ ತಂದರು.

ಕೆಲವು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಗದಗಿಗೆ ಕಿವಿ ಡಾಕ್ಟರರ ಹತ್ತಿರ ಬಂದರು. ಕಿವಿಯಂತ್ರ ಸಿಕ್ಕ ದಿನ ಅಲ್ಲಿಂದ ನೇರವಾಗಿ ನಮ್ಮ ಅಂಗಡಿಗೇ ಬಂದರು. ಅವ್ವಾರು ಎಂದಿನಂತೆ ಎತ್ತರದ ದನಿಯಲ್ಲಿ ಸುದ್ದಿ ಹೇಳಲು ತೊಡಗಿದಾಗ ಯಜಮಾನರು ಕೈ ಎತ್ತಿದರು.

"ಸಾವಕಾಶ. ಇಷ್ಟ ವರ್ಷ ಹಿಂಗ ಒದರಿದಿ ಏನ?"

"ಮತ್ತ? ಎಲ್ಲಾ ದಂಡಾತು" ಎಂದರು ಅವ್ವಾರು, ಮೆಲ್ಲಗೆ.

ಯಜಮಾನರು ಕುರ್ಚಿಯಲ್ಲಿ ಕೂತು ಅಂಗಡಿಯ ಒಂದೊಂದು ಸದ್ದನ್ನೂ ಆಲಿಸಿದರು. ಆಮೇಲೆ ತಲೆ ಮೇಲಕ್ಕೆತ್ತಿದರು. "ತಂಗಿ, ನಿಮ್ಮ ಫ್ಯಾನ್ ಕಿರ್ರ್ ಅಂತೈತಲ್ಲ, ಗೊತ್ತೈತೇನು?"

ನಮಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅದರ ಕೆಳಗೇ ಕೂತು ನಾವಿಬ್ಬರೂ ಅದನ್ನು ಕೇಳುವುದನ್ನೇ ಬಿಟ್ಟಿದ್ದೆವು. ಚಾಚಾ ಎಣ್ಣೆ ಡಬ್ಬಿ ಹುಡುಕಿ ಸ್ಟೂಲು ಹತ್ತಿದರು. ಯಜಮಾನರು ಕೆಳಗೆ ನಿಂತು, ಎಣ್ಣೆ ಎಲ್ಲಿ ಬಿಡಬೇಕೆಂದು ಹೇಳಿಕೊಡತೊಡಗಿದರು.