ಆಸ್ಪೆನ್ ಗಿಡಕ್ಕೆ ಚಾಟ್ನಿ

ಕ್ಯಾಲ್ಗರಿಗೆ ಬಂದ ಮೊದಲ ಬೆಳಿಗ್ಗೆ ಪರದೆ ಸರಿಸಿದರೆ ಅಂಗಳದ ಬೋಳು ಗಿಡ ಬುಡದಿಂದ ತುದಿಯವರೆಗೆ ಬೆಳ್ಳಗಿತ್ತು. ವಿಜಯಪುರದಲ್ಲಿ ಮಂತ್ರಿಗಳು ಬರುತ್ತಾರೆಂದರೆ ಸೊಲ್ಲಾಪುರ ರಸ್ತೆಯ ಗಿಡಗಳಿಗೆ ಸೊಂಟದವರೆಗೆ ಸುಣ್ಣ ಬಳಿಯುತ್ತಾರೆ. ಇಲ್ಲಿ ತುದಿಯವರೆಗೂ ಬಳಿದಿದ್ದಾರಲ್ಲ, ಯಾರು ಬರುವವರಿದ್ದಾರೆ ಎಂದು ಯಜಮಾನರನ್ನು ಕೇಳಿದೆ. "ಸುಣ್ಣ ಅಲ್ಲ, ಅದರ ತೊಗಟಿನ ಹಂಗದ. ಆಸ್ಪೆನ್ ಅಂತಾರ" ಎಂದು ನಕ್ಕರು. ಅವರಿಗೆ ಇಲ್ಲಿ ಬಸ್ಸು ಓಡಿಸುವ ಕೆಲಸ.

ವಿಜಯಪುರದ ಜಲನಗರದಲ್ಲಿ, ನಮ್ಮ ಓಣಿಯಲ್ಲಿ ಬಾಗಿಲು ತೆರೆದರೆ ಸಾಕು, ಯಾರಾದರೂ ಮಾತಿಗೆ ಸಿಗುತ್ತಿದ್ದರು. ಇಲ್ಲಿ ಬಾಗಿಲು ತೆರೆದರೆ ಬರುವುದು ಚಳಿ. ಬೇಸಿಗೆಯಲ್ಲಿ ಆಸ್ಪೆನ್ ಎಲೆ ಬಿಟ್ಟಾಗ ನನಗೆ ಜೀವ ಬಂದಂತಾಯಿತು. ಗಾಳಿ ಇಲ್ಲದಿದ್ದರೂ ಅದರ ಎಲೆ ಅರಳಿ ಎಲೆಯ ಹಾಗೆ ಪಟಪಟ ಅಲುಗುತ್ತದೆ. ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಸಿಗುವ ತನಕ ಹಗಲೆಲ್ಲ ನನಗೆ ಅದೇ ಜೊತೆ.

ಎರಡನೆಯ ವರ್ಷ ಏಪ್ರಿಲ್‌ನಲ್ಲಿ ತಿಕೋಟಾದಿಂದ ಅತ್ತೆ ಬಂದರು. ದ್ರಾಕ್ಷಿ ಬೆಳೆದು ಕೈ ಪಳಗಿದವರು. ಏಪ್ರಿಲ್ ಬಂತೆಂದರೆ ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿ ಬೋಳು ಮಾಡುತ್ತಾರೆ. ಅದಕ್ಕೆ ಚಾಟ್ನಿ ಎನ್ನುತ್ತಾರೆ, ರೊಟ್ಟಿಗೆ ಹಚ್ಚಿಕೊಳ್ಳುವುದಲ್ಲ. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಗಿಡಕ್ಕೆ ಒಂದು ಟೊಂಗೆಯೂ ಇಲ್ಲ. ಕತ್ತರಿ ಹಿಡಿದು ನಿಂತ ಅತ್ತೆ, "ಒಣಗಿದಂಗ ನಿಂತಿತ್ತವ್ವಾ, ಚಾಟ್ನಿ ಮಾಡೇನಿ. ಹದಿನೈದ ದಿನದಾಗ ಹೆಂಗ ಚಿಗರ್ತದ ನೋಡ" ಅಂದರು.

ನನಗೆ ಅಳು ಬಂತು. ಅವರೆದುರು ಬೇಡವೆಂದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮೇ ತಿಂಗಳಲ್ಲಿ ಇಡೀ ಬೀದಿಯ ಆಸ್ಪೆನ್ ಹಸಿರಾದವು, ನಮ್ಮದೊಂದು ಬಿಟ್ಟು. ಅತ್ತೆಯ ಮಾತು ಕಡಿಮೆಯಾಯಿತು. ದಿನಾ ಬಕೆಟ್ಟಿನಲ್ಲಿ ನೀರು ಹಾಕಿ, ಗಿಡದ ಬುಡದಲ್ಲೇ ಕೂರುತ್ತಿದ್ದರು. ಜೂನ್‌ನಲ್ಲಿ ಹುಲ್ಲುಹಾಸಿನ ನಡುವೆ ಅಲ್ಲೊಂದು ಇಲ್ಲೊಂದು ಆಸ್ಪೆನ್ ಮರಿ ಎದ್ದವು. ಒಂದು ಬೇಲಿ ದಾಟಿ ಪಕ್ಕದ ಮನೆಯ ಮಾರ್ಗರೆಟ್ ಅಜ್ಜಿಯ ಅಂಗಳದಲ್ಲೂ ಎದ್ದಿತು. "ಇವನ್ನ ಏನ ಮಾಡೋದರಿ?" ಎಂದು ಅತ್ತೆಯನ್ನು ಕೇಳಿದೆ. ಅವರು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, "ನಾ ಮುಟ್ಟಂಗಿಲ್ಲವ್ವಾ" ಎಂದರು.

ಅಜ್ಜಿ ಜಗಳಕ್ಕೆ ಬರುತ್ತಾರೆಂದು ಹೆದರಿದ್ದೆ. ಅವರು ಬಂದು ಮೊಣಕಾಲೂರಿ ಕುಳಿತು ಮಣ್ಣು ಕೆದರಿ ತೋರಿಸಿದರು. ಎಲ್ಲ ಮರಿಗಳದೂ ಒಂದೇ ಬೇರು. ಮೇಲೆ ಕಡಿದರೆ ಕೆಳಗಿನಿಂದ ಏಳುತ್ತದೆ. ಗೋಡೆಯಿಂದ ದೂರವಿರುವ ಎರಡು ಮೂರು ಗಟ್ಟಿ ಮರಿ ಉಳಿಸಿ, ಮಿಕ್ಕವನ್ನು ಮಣ್ಣಿನೊಳಗೇ ಕತ್ತರಿಸಬೇಕು. ಕಳೆನಾಶಕ ಹೊಡೆಯಬಾರದು, ವಿಷ ಬೇರಿನ ಮೂಲಕ ಎಲ್ಲಕ್ಕೂ ಹರಿಯುತ್ತದೆ. ನೀರು ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಬಿಡಬೇಕು. ನಾನು ಒಂದೊಂದೇ ಕನ್ನಡಕ್ಕೆ ತಂದೆ.

ಅತ್ತೆ ಕೇಳಿ, "ಹಂಗಂದ್ರ ಇದು ಗಿಡ ಅಲ್ಲ, ಮನೆತನ" ಅಂದರು. ಏನಂದರೆಂದು ಅಜ್ಜಿ ಕೇಳಿದರು. ಮನೆತನಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ಹೊಳೆಯದೆ, "ಬದುಕುತ್ತದೆ ಅಂತಾರೆ" ಎಂದೆ. ಅಜ್ಜಿ ತಮ್ಮ ಕಡೆಯ ಮರಿಯನ್ನೂ ಕೀಳದೆ ಬಿಟ್ಟರು.

ಈಗ ಮರಿಗಳು ನನಗಿಂತ ಎತ್ತರ. ಮೊನ್ನೆ ಫೋನಿನಲ್ಲಿ ಅತ್ತೆ, "ನಮ್ಮ ಗಿಡ ಹೆಂಗ ಅದಾವವ್ವಾ?" ಎಂದು ಕೇಳಿದರು. ಅವರು ಇಲ್ಲಿದ್ದದ್ದು ಒಂದೇ ಬೇಸಿಗೆ, ಆದರೂ ನಮ್ಮ ಗಿಡ.

"ಛಲೋ ಅದಾವ್ರಿ ಅತ್ತಿ, ಕಿಟಕಿ ಎತ್ತರಕ್ಕ ಬಂದಾವ" ಎಂದೆ. ಹಾಗೇ ಮಾತಿಗೆ ಮಾತು ಸೇರಿಸಿ, "ನಿಮ್ಮ ಕಡೆ ಮಳಿ ಆತೇನ್ರಿ?" ಎಂದೆ.



"ಆತವ್ವಾ" ಅಂದರು ಅತ್ತೆ. "ಆದ್ರ ನಮ್ಮ ಊರು ನಿನಗ 'ನಿಮ್ಮ ಕಡೆ' ಯಾವಾಗ ಆತು?"